‘ಗಣ್ಯ ವ್ಯಕ್ತಿ’ ಎಂಬ ಭಾಷಾಂತರ

ಸ್ಪೇನ್ ದೇಶದಲ್ಲಿ 1982ರ ಮೇ 5ರಂದು ಒಂದು ಶಾಸನವಾಯಿತು. ತನ್ನ ಮಾನ, ತನ್ನ ಖಾಸಗಿ ಬಾಳು, ತನ್ನ ಭಾವಚಿತ್ರ ಈ ಮೂರರ ಮೇಲೆ ಮನುಷ್ಯನಿಗಿರುವ ಹಕ್ಕನ್ನು ಕಾಯತಕ್ಕ ಶಾಸನ ಅದು. ಅದರ ಎಂಟನೆಯ ವಿಧಿಯಲ್ಲಿ ಒಂದು ವಿನಾಯಿತಿಯನ್ನು ಇಟ್ಟಿದ್ದಾರೆ. ಕೆಲವು ಬಗೆಯ ಜನರ ಚಿತ್ರವನ್ನು ಸಾರ್ವಜನಿಕ ಸಮಾರಂಭದಲ್ಲಾಗಲಿ ಎಲ್ಲರಿಗೂ ತೆರೆದ ಸ್ಥಳದಲ್ಲಾಗಲಿ ತೆಗೆದರೆ ಅವರು ಆಕ್ಷೇಪಿಸುವಂತಿಲ್ಲ. ಆ ಜನ ಯಾರು? ‘ಕಾರ್ಗೊ ಪುಬ್ಲಿಕೊ’ ನಡೆಸುವವರು. ಮತ್ತು ‘ನೊಟೊರಿಯೆದಾದ್’ ಉಳ್ಳ, ಎಂದರೆ ಜನರ ಕಣ್ಣಿಗೆ ಬೀಳುವ, ವೃತ್ತಿಯಲ್ಲಿರುವವರು.

ಇದನ್ನು ಇಂಗ್ಲಿಷಿಗೆ ತರುವವನಿಗೆ ಮೊದಲ ಹೆಜ್ಜೆಯಲ್ಲಿಯೇ ಗುಂಡಿಯಿದೆ. ‘ನೊಟೊರಿಯೆದಾದ್’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ನಟೊರೈಟಿ’ ಎಂಬ ಒಡಹುಟ್ಟು ಉಂಟು. ಆದರೆ ಒಡಹುಟ್ಟಿದವರೆಲ್ಲ ಒಂದೇ ಗುಣದವರೆ? ಸ್ಪ್ಯಾನಿಷಿನಲ್ಲಿ ಅದು ಬರಿಯ ಪ್ರಸಿದ್ಧಿ, ಇಂಗ್ಲಿಷಿನಲ್ಲಿ ಕುಖ್ಯಾತಿ. ಅಕ್ಷರವನ್ನು ನಂಬಿದ ಭಾಷಾಂತರಕಾರನು ಒಳ್ಳೆಯ ನಟಿಯೊಬ್ಬಳನ್ನು ದರೋಡೆಗಾರರ ಸಾಲಿನಲ್ಲಿ ನಿಲ್ಲಿಸಿಬಿಡುತ್ತಾನೆ. ಇದಕ್ಕೆ ಹೆದರಿ ‘ಪಬ್ಲಿಕ್ ಫಿಗರ್’ ಎಂದು ಬರೆದರೆ ತೊಡಕು ಇನ್ನೊಂದು ಕಡೆಯಿಂದ ಬರುತ್ತದೆ. ಆ ಮಾತು ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ಬಲಿತದ್ದು. ಅಧಿಕಾರದಲ್ಲಿರುವವರನ್ನು ಟೀಕಿಸಿದ ಪತ್ರಿಕೆಗೆ 1964ರಲ್ಲಿ ವಿಶೇಷ ರಕ್ಷಣೆ ಕೊಟ್ಟ ಆ ನ್ಯಾಯಾಲಯ, 1967ರಲ್ಲಿ ಅದನ್ನು ಅಧಿಕಾರವಿಲ್ಲದ ಪ್ರಸಿದ್ಧರಿಗೂ ಹಿಗ್ಗಿಸಿತು. ಪದದೊಡನೆ ಈ ಮೊಕದ್ದಮೆಗಳ ನೆರಳೂ ಹೋಗಿ ಸ್ಪೇನಿನ ಕಾನೂನಿನ ಮೇಲೆ ಬೀಳುತ್ತದೆ. ಆದಕಾರಣ ತಿಳಿದ ಭಾಷಾಂತರಕಾರರು ಪದವನ್ನು ಹುಡುಕುವುದನ್ನು ಬಿಟ್ಟು, ‘ಸಾರ್ವಜನಿಕ ಹುದ್ದೆಯನ್ನು ನಡೆಸುವವರು, ಜನರ ಗಮನಕ್ಕೆ ಬೀಳುವ ವೃತ್ತಿಯವರು’ ಎಂದು ವಾಕ್ಯವನ್ನೇ ಬಿಡಿಸಿ ಬರೆಯುತ್ತಾರೆ. ಉದ್ದವಾಗುತ್ತದೆ, ಆಗಲಿ.

ಸ್ಪೇನಿನ ಈ ಕಥೆ ಲಿಂಗಸುಗೂರಿನ ವಾಚಕನಿಗೆ ಏಕೆ ಎಂದು ಕೇಳಬಹುದು. ಇದೇ ಗುಂಡಿ ಕನ್ನಡದ ದಾರಿಯಲ್ಲಿಯೂ ಇದೆ ಎಂಬುದೇ ಕಾರಣ. ಹೈಕೋರ್ಟು, ಸುಪ್ರೀಂ ಕೋರ್ಟುಗಳ ತೀರ್ಪುಗಳು ಹುಟ್ಟುವುದು ಇಂಗ್ಲಿಷಿನಲ್ಲಿ; ಸಿಂಧನೂರಿನ ಚಹದಂಗಡಿಗೆ ಅವು ತಲುಪುವುದು ಪತ್ರಿಕೆಯ ಕನ್ನಡದಲ್ಲಿ. ‘ಪಬ್ಲಿಕ್ ಫಿಗರ್’ ಎಂಬುದು ಅಷ್ಟರಲ್ಲಿ ಎಷ್ಟೋ ಬಾರಿ ‘ಗಣ್ಯ ವ್ಯಕ್ತಿ’ಯಾಗಿರುತ್ತದೆ. ಸ್ಪ್ಯಾನಿಷನ್ನು ಇಂಗ್ಲಿಷಿಗೆ ತಂದವನು ಪ್ರಸಿದ್ಧಿಯನ್ನು ಕುಖ್ಯಾತಿಗೆ ಇಳಿಸಿದರೆ, ನಾವು ಅದನ್ನು ಅಟ್ಟಕ್ಕೇರಿಸುತ್ತೇವೆ. ಗಣ್ಯನೆಂದರೆ ಎಣಿಕೆಗೆ ಬರುವವನು, ವೇದಿಕೆಯ ಮುಂದಿನ ಸಾಲಿನಲ್ಲಿ ಕೂಡುವವನು, ಹಾರ ಹಾಕಿಸಿಕೊಳ್ಳುವವನು. ಕಾನೂನಿನಲ್ಲಿಯಾದರೋ ಈ ಪದ ಮನುಷ್ಯನಿಗೆ ಏನನ್ನೂ ಕೊಡುವುದಿಲ್ಲ, ಇದ್ದುದರಲ್ಲಿ ಸ್ವಲ್ಪ ಕಿತ್ತುಕೊಳ್ಳುತ್ತದೆ: ಉಳಿದವರಿಗಿರುವಷ್ಟು ಮರೆ ನಿನಗಿಲ್ಲ, ಉಳಿದವರಿಗಿಂತ ಹೆಚ್ಚಿನ ಟೀಕೆಯನ್ನು ನೀನು ಸಹಿಸಬೇಕು ಎನ್ನುತ್ತದೆ. ‘ಗಣ್ಯ’ ಎಂದು ಓದಿದವನಿಗೆ ಇದು ತಲೆಕೆಳಗಾಗಿ ತಿಳಿಯುತ್ತದೆ. ಗಣ್ಯರ ಮೇಲೆ ಮಾತಾಡಬಾರದು, ಮಾತಾಡಿದರೆ ಕೇಸಾಗುತ್ತದೆ ಎಂದು ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಈ ತಲೆಕೆಳಗಿಗೆ ಹಳೆಯ ಬೇರುಗಳಿವೆ. 1905ರವರೆಗೆ ಲಿಂಗಸುಗೂರು ನಿಜಾಮನ ಸೀಮೆಯ ಒಂದು ಜಿಲ್ಲಾ ಕೇಂದ್ರವಾಗಿತ್ತು. ಮಾತು ಕನ್ನಡ, ಕಚೇರಿ ಉರ್ದು. 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಬಂದ ಉರ್ದು ಹೈದರಾಬಾದಿನ ಪತನದವರೆಗೂ ನ್ಯಾಯಾಲಯದ ಭಾಷೆಯಾಗಿತ್ತು. ಭಾರತ ದಂಡ ಸಂಹಿತೆ ನಮಗೆ ನೇರವಾಗಿ ಅನ್ವಯಿಸಿದ್ದು 1951ರಲ್ಲಿ. ಮೈಸೂರಿನೊಡನೆ ನಾವು ಕೂಡಿದ್ದು 1956ರ ನವೆಂಬರ್ 1ರಂದು. ವಕಾಲತ್ತು, ಜಾಮೀನು, ಫಿರ್ಯಾದಿ, ತಕರಾರು, ಜಪ್ತಿ, ಖುಲಾಸೆ—ಇವನ್ನು ಕನ್ನಡವಲ್ಲವೆಂದು ಯಾರಾದರೂ ಹೇಳಿದರೆ ನಮ್ಮ ರೈತ ನಕ್ಕಾನು. ಅವನ ಅಜ್ಜ ಈ ಪದಗಳಿಗಾಗಿ ಹೊಲ ಮಾರಿದ್ದಾನೆ.

ಉರ್ದು ಭಾಷಾಂತರಕಾರರು ದಡ್ಡರಾಗಿರಲಿಲ್ಲ. 1860ರ ದಂಡ ಸಂಹಿತೆಯನ್ನು ಉರ್ದುವಿಗೆ ಇಳಿಸಿದವರಲ್ಲಿ ನಜೀರ್ ಅಹಮದ್ ಒಬ್ಬರು. ಮುಂದೆ ಕಾದಂಬರಿಕಾರರೆಂದು ಹೆಸರಾದವರು, ನಿಜಾಮನ ಸೇವೆಯಲ್ಲಿಯೂ ಕೆಲವು ವರ್ಷ ಇದ್ದವರು. ನಾವು ಇಂದು ಮಾನನಷ್ಟ ಎನ್ನುವ ಅಪರಾಧಕ್ಕೆ ಆ ಭಾಷಾಂತರದಲ್ಲಿ ‘ಇಜಾಲಾ-ಎ-ಹೈಸಿಯತ್-ಎ-ಉರ್ಫಿ’ ಎಂಬ ಹೆಸರು ಬಂದಿತು. ನಾಲಗೆಗೆ ಭಾರವಾದ ಮಾತು, ಒಪ್ಪೋಣ. ಆದರೆ ಅದರ ಅರ್ಥವನ್ನು ನೋಡಿ: ಜನರ ನಡುವೆ ರೂಢಿಯಿಂದ ಒಬ್ಬನಿಗಿರುವ ಸ್ಥಾನವನ್ನು ಇಲ್ಲವಾಗಿಸುವುದು. ಕಾನೂನು ಕೇಳುವುದೂ ಅದನ್ನೇ—ಇತರರ ಎಣಿಕೆಯಲ್ಲಿ ಇವನು ತಗ್ಗಿದನೇ? ನಮ್ಮ ‘ಮಾನನಷ್ಟ’ ಚೊಕ್ಕದಾದ ಪದ. ಆದರೆ ಮಾನವೆಂದೊಡನೆ ಕನ್ನಡಿಗನಿಗೆ ನೆನಪಾಗುವುದು ಮನೆತನ, ಹೆಣ್ಣುಮಕ್ಕಳು, ತಲೆ ಎತ್ತಿ ತಿರುಗುವುದು. ನೊಂದೆನೆಂಬುದೇ ಸಾಕ್ಷಿಯಾಗಿಬಿಡುತ್ತದೆ. ಇಲ್ಲಿ ಉರ್ದುವಿನದೇ ಮೇಲುಗೈಯೆಂದು ನನ್ನ ಮತ.

ಎಲ್ಲ ಕಡೆಯೂ ಹಾಗಲ್ಲ. ಇಂಗ್ಲಿಷಿನ ‘ಪಬ್ಲಿಕ್ ಸರ್ವಂಟ್’ ಜನರ ಆಳು. ಉರ್ದುವಿನ ‘ಸರ್ಕಾರಿ ಮುಲಾಜಿಮ್’ ಸರ್ಕಾರದ ಆಳು. ಒಡೆಯನೇ ಬದಲಾಗಿಹೋದ. ನವಾಬನ ರಾಜ್ಯದಲ್ಲಿ ಅದು ಸತ್ಯವೇ ಆಗಿತ್ತು. ‘ಪಬ್ಲಿಕ್’ ಎಂಬ ಒಡೆಯ ಅಲ್ಲಿ ಇರಲಿಲ್ಲವಲ್ಲ! ಆದರೆ ಇಂದಿಗೂ ನಾವು ‘ಸರ್ಕಾರಿ ನೌಕರ’ ಎಂದೇ ಬರೆಯುತ್ತಿದ್ದೇವೆ. ಗ್ರಾಮ ಪಂಚಾಯಿತಿಯ ಅಧ್ಯಕ್ಷರು ಈ ಪದದಡಿ ಬರುತ್ತಾರೆಂದರೆ ಕೇಳಿದವರಿಗೆ ಆಶ್ಚರ್ಯ: ‘ಅವರು ನೌಕರರೆಲ್ಲಿ, ಆರಿಸಿ ಬಂದವರಲ್ಲವೆ?’ ಆಶ್ಚರ್ಯ ಪದದಿಂದ ಹುಟ್ಟಿದ್ದು, ಕಾನೂನಿನಿಂದಲ್ಲ.

ಹುದ್ದೆ ಮತ್ತು ಮನುಷ್ಯ ಒಂದಾಗಿಹೋಗುವುದು ನಮ್ಮಲ್ಲಿ ಎಷ್ಟು ಸಹಜವೆಂಬುದಕ್ಕೆ ಹಾಜರಿ ಪುಸ್ತಕ ತೆರೆದರೆ ಸಾಕು. ನಿಜಾಮನ ಕಾಲದ ಹಳ್ಳಿಯಲ್ಲಿ ಕಂದಾಯ ನೋಡುವವನು ಮಾಲಿಪಾಟೀಲ, ಕಾಯಿದೆ ನೋಡುವವನು ಪೊಲೀಸ್‌ಪಾಟೀಲ. ವಂಶಪಾರಂಪರ್ಯದ ಆ ಹುದ್ದೆಗಳು 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯಿಂದ ಹೋದವು. ಹೆಸರುಗಳು ಉಳಿದವು. ಇಂದು ಹತ್ತನೆಯ ತರಗತಿಯ ಹುಡುಗನೊಬ್ಬ ಪೊಲೀಸ್‌ಪಾಟೀಲನಾಗಿ ಬೆಂಚಿನ ಮೇಲೆ ಕುಳಿತಿರುತ್ತಾನೆ, ಯಾವ ಪೊಲೀಸಿಕೆಯೂ ಇಲ್ಲದೆ. ಸ್ಪ್ಯಾನಿಷಿನ ‘ಕಾರ್ಗೊ’ ಎಂಬುದರ ಮೊದಲ ಅರ್ಥ ಹೊರೆ; ಹುದ್ದೆ ಎಂಬುದು ಅದರಿಂದ ಬಂದದ್ದು. ಹೊರೆಯಾದರೆ ಇಳಿಸಬಹುದು, ಇನ್ನೊಬ್ಬನ ಹೆಗಲಿಗೆ ದಾಟಿಸಬಹುದು. ಕನ್ನಡದ ‘ಹೊಣೆ ಹೊತ್ತವನು’ ಎಂಬ ಮಾತಿನಲ್ಲಿಯೂ ಇದೇ ಚಿತ್ರವಿದೆ. ಅದು ಕೈಯಳತೆಯಲ್ಲಿರುವಾಗ ನಾವು ‘ಗಣ್ಯ’ನನ್ನು ಏಕೆ ಕರೆಯಬೇಕು?

ಈಚೆಗೆ ತಾಲ್ಲೂಕಾದ ಮಸ್ಕಿಯನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಬಿರುದು ಮತ್ತು ವ್ಯಕ್ತಿಯ ಬಿಡಿಸಲಾಗದ ತೊಡಕೊಂದು ಬಿಡಿಸಿಕೊಂಡದ್ದು ಅಲ್ಲಿಯ ಬಂಡೆಯ ಮೇಲೆಯೇ. 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದಿದಾಗ ಶಾಸನಗಳ ತುಂಬ ‘ದೇವಾನಾಂಪ್ರಿಯ’ನೇ ಕಂಡನು. ಇದು ಹೆಸರೋ ಬಿರುದೋ? ಸಿಂಹಳದ ಅರಸನೊಬ್ಬನಿಗೂ ಆ ಬಿರುದಿತ್ತಾದ್ದರಿಂದ ಮೊದಲು ಅವನೇ ಇವನೆಂದೂ ಎಣಿಸಿದರು. ಟರ್ನರ್ ಪಾಳಿ ಗ್ರಂಥಗಳ ನೆರವಿನಿಂದ ಅಶೋಕನೆಂದು ಸೂಚಿಸಿದನಾದರೂ, ಬಿರುದಿನ ಪಕ್ಕದಲ್ಲಿ ಆ ಹೆಸರನ್ನೇ ಕೆತ್ತಿದ ಕಲ್ಲು ಸಿಕ್ಕಿದ್ದು 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಶಾಸನವನ್ನು ಕಂಡಾಗ. ಅನಂತರ ಗುಜರ್ರಾ, ನಿಟ್ಟೂರು, ಉಡೆಗೋಳಗಳಲ್ಲಿಯೂ ಆ ಹೆಸರು ದೊರೆತಿದೆ. ಇತ್ತ ಬಿರುದಿನ ಗತಿಯೇನಾಯಿತು? ಕಾಲಾಂತರದಲ್ಲಿ ಸಂಸ್ಕೃತ ವೈಯಾಕರಣರು ‘ದೇವಾನಾಂಪ್ರಿಯ’ ಎಂದರೆ ಮೂರ್ಖ ಎಂದು ಅರ್ಥ ಹೇಳಿದರು. ಗೌರವದ ಪದವನ್ನು ನಂಬಿ ಕಾನೂನು ಬರೆಯುವವರು ಇದನ್ನು ಒಮ್ಮೆ ನೆನೆಯುವುದು ಲೇಸು. ಆ ಶಾಸನವೇ ಹೇಳುವ ಮಾತೂ ಇದಕ್ಕೆ ದೂರವಲ್ಲ: ಧರ್ಮದ ಫಲ ದೊಡ್ಡವರಿಗೆ ಮಾತ್ರವೆಂದು ತಿಳಿಯಬಾರದು, ಸಣ್ಣವನೂ ಅದನ್ನು ಪಡೆಯಬಲ್ಲನು ಎಂಬುದು ಅದರ ಸಾರ.

ಈಗ ನಮ್ಮ ಸ್ವಂತ ಕಾನೂನಿಗೆ ಬರೋಣ. ದಂಡ ಸಂಹಿತೆಯ 499ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಾಗಿದೆ. ಒಳಗಿನ ವಿನಾಯಿತಿಗಳು ಹಾಗೆಯೇ ಇವೆ. (ಇವನ್ನು ಕನ್ನಡದಲ್ಲಿ ‘ಅಪವಾದ’ಗಳೆಂದೂ ಕರೆಯುವುದುಂಟು. ಅಪವಾದ ಹೊರಿಸುವುದನ್ನು ಶಿಕ್ಷಿಸುವ ಕಲಮಿಗೆ ಹತ್ತು ಅಪವಾದಗಳು! ಪಾರಿಭಾಷಿಕ ಸಮಿತಿಗಳು ಎಂದಾದರೂ ನಗುತ್ತವೆಯೋ ಇಲ್ಲವೋ.) ಸೋಜಿಗವೆಂದರೆ ಅಲ್ಲಿ ‘ಪಬ್ಲಿಕ್ ಫಿಗರ್’ ಎಂಬ ಮಾತೇ ಇಲ್ಲ. ಎರಡನೆಯ ವಿನಾಯಿತಿ ಸಾರ್ವಜನಿಕ ಸೇವಕನು ತನ್ನ ಕರ್ತವ್ಯದಲ್ಲಿ ನಡೆದುಕೊಂಡ ರೀತಿಯನ್ನು ಹೇಳುತ್ತದೆ. ಮೂರನೆಯದು ಸಾರ್ವಜನಿಕ ಪ್ರಶ್ನೆಯೊಂದರಲ್ಲಿ ಯಾವನೇ ಮನುಷ್ಯ ನಡೆದುಕೊಂಡ ರೀತಿಯನ್ನು. ಸರ್ಕಾರಕ್ಕೆ ಅರ್ಜಿ ಕೊಡುವುದು, ಸಭೆ ಕರೆಯುವುದು, ಅದರಲ್ಲಿ ಅಧ್ಯಕ್ಷತೆ ವಹಿಸುವುದು, ಒಬ್ಬ ಅಭ್ಯರ್ಥಿಗಾಗಿ ಮತ ಕೇಳುವುದು—ಇವು ಕಾನೂನೇ ಕೊಡುವ ಉದಾಹರಣೆಗಳು. ಮನುಷ್ಯನು ದೊಡ್ಡವನೋ ಚಿಕ್ಕವನೋ ಎಂದು ಅದು ಕೇಳುವುದೇ ಇಲ್ಲ.

ತುಂಗಭದ್ರೆಯ ಎಡದಂಡೆ ಕಾಲುವೆಯ ಮೇಲೆ ಇದನ್ನಿಟ್ಟು ನೋಡಿ. ಮೇಲ್ಭಾಗದ ಭತ್ತದ ಗದ್ದೆಗಳಿಗೆ ನೀರು ತುಂಬಿ ಹರಿಯುತ್ತದೆ, ಕೊನೆಯಂಚಿನವರು ಒಣಗಿದ ವಿತರಣಾ ಕಾಲುವೆಯ ಬಳಿ ಕಾದು ಕುಳಿತಿರುತ್ತಾರೆ. ನೀರಿನ ಸರದಿಯ ಸಭೆಯೊಂದಕ್ಕೆ ನಾಲ್ಕೆಕರೆಯ ರೈತನೊಬ್ಬ ಅಧ್ಯಕ್ಷನಾದನೆನ್ನೋಣ. ಅವನು ಯಾವ ಲೆಕ್ಕದಲ್ಲಿಯೂ ಗಣ್ಯನಲ್ಲ. ಆದರೂ ಆ ಸಭೆಯಲ್ಲಿ ಅವನು ಆಡಿದ್ದನ್ನೂ ಮಾಡಿದ್ದನ್ನೂ ಯಾರಾದರೂ ಟೀಕಿಸಬಹುದು. ಅವನ ಮನೆಯ ಮದುವೆಯನ್ನು, ಸಾಲವನ್ನು, ರೋಗವನ್ನು ಎಳೆದು ತರಲು ಮಾತ್ರ ಈ ವಿನಾಯಿತಿ ಒದಗದು. ಅದೇ ರೀತಿ ಎಂಜಿನಿಯರನ ತೂಬು ಎಲ್ಲರ ಮಾತಿಗೆ ಬರುತ್ತದೆ, ಅವನ ಅಡುಗೆಮನೆ ಬರುವುದಿಲ್ಲ. ‘ಗಣ್ಯ ವ್ಯಕ್ತಿ’ ಎಂದು ಭಾಷಾಂತರಿಸಿದರೆ ಆ ರೈತ ವಿನಾಯಿತಿಯಿಂದ ಹೊರಗುಳಿದಂತೆ ತೋರುತ್ತದೆ, ಎಂಜಿನಿಯರನ ಅಡುಗೆಮನೆ ಒಳಬಂದಂತೆ ತೋರುತ್ತದೆ, ಎರಡೂ ಸುಳ್ಳು.

ಇನ್ನೊಂದು ಪದ ಇದಕ್ಕಿಂತ ಅಪಾಯದ್ದು. ಈ ಎರಡು ವಿನಾಯಿತಿಗಳಿಗೂ ‘ಗುಡ್ ಫೇತ್’ ಇರಬೇಕು. ಕನ್ನಡದಲ್ಲಿ ಸದ್ಭಾವನೆ ಎನ್ನುತ್ತೇವೆ. ತನ್ನ ಮನಸ್ಸು ನಿರ್ಮಲವಾಗಿತ್ತು, ದ್ವೇಷವಿರಲಿಲ್ಲ, ಇಷ್ಟು ಸಾಕೆಂದು ಟೀಕಿಸಿದವನು ನೆಮ್ಮದಿಯಾಗಿರುತ್ತಾನೆ. ಸಂಹಿತೆಯ ವ್ಯಾಖ್ಯೆ ಬೇರೆ: ತಕ್ಕ ಎಚ್ಚರಿಕೆ, ತಕ್ಕ ಲಕ್ಷ್ಯ ಇಲ್ಲದೆ ಮಾಡಿದ್ದು ಯಾವುದೂ ಅದರಲ್ಲಿ ಸೇರದು. ನ್ಯಾಯಾಧೀಶರು ಕೇಳುವುದು ‘ನೀನು ವಿಚಾರಿಸಿದೆಯಾ? ಕಾಗದ ನೋಡಿದೆಯಾ?’ ಎಂದು. ಭಾವನೆಯ ಪದವನ್ನು ನೆಚ್ಚಿ ಬಂದವನು ಕಟಕಟೆಯಲ್ಲಿ ತಬ್ಬಿಬ್ಬಾಗುತ್ತಾನೆ. 2016ರಲ್ಲಿ ಸುಪ್ರೀಂ ಕೋರ್ಟು ಮಾನನಷ್ಟವನ್ನು ಅಪರಾಧವಾಗಿಯೇ ಉಳಿಸಿದೆ. ಎರಡು ವರ್ಷದವರೆಗೆ ಸೆರೆಮನೆಯಾಗಬಹುದು. ಪದದ ತಪ್ಪಿಗೆ ದಂಡ ತೆರುವವನು ನಿಘಂಟುಕಾರನಲ್ಲ.

ಸ್ಪೇನಿನವರು ಹೆಸರಿನ ಗಾಯವನ್ನು ಅರಿತು ತಿದ್ದಿಕೊಂಡದ್ದುಂಟು. ತನಿಖೆಯ ಹಂತದಲ್ಲಿರುವವನನ್ನು ‘ಇಂಪುತಾದೊ’, ಎಂದರೆ ಆರೋಪ ಹೊತ್ತವನು ಎಂದು ಕರೆಯುತ್ತಿದ್ದರು. ತೀರ್ಪಿಗೆ ಮೊದಲೇ ಮಸಿ ಬಳಿದಂತಾಗುತ್ತದೆಂದು 2015ರಲ್ಲಿ ಅದನ್ನು ‘ತನಿಖೆಗೊಳಗಾದವನು’ ಎಂದು ಬದಲಾಯಿಸಿದರು. ನಮ್ಮ ಪತ್ರಿಕೆಗಳಲ್ಲಿ ದೂರು ದಾಖಲಾದ ಸಂಜೆಯೇ ಮನುಷ್ಯ ಆರೋಪಿ. ‘ಅಫೊರಾದೊ’ ಎಂಬ ಇನ್ನೊಂದು ಪದ ಅವರಲ್ಲಿದೆ: ಹುದ್ದೆಯ ಕಾರಣದಿಂದ ಮೇಲಿನ ನ್ಯಾಯಾಲಯದಲ್ಲಿಯೇ ವಿಚಾರಣೆಗೊಳಗಾಗುವ ಹಕ್ಕುಳ್ಳವನು. ಇಂಗ್ಲಿಷಿನಲ್ಲಿ ಇದಕ್ಕೆ ಪದವಿಲ್ಲ, ಆದ್ದರಿಂದ ಒಂದು ಸಾಲಿನಲ್ಲಿ ಬಿಡಿಸುತ್ತಾರೆ. ನಾವಾಗಿದ್ದರೆ ಏಳು ಅಕ್ಷರದ ಸಂಸ್ಕೃತ ಸಮಾಸವೊಂದನ್ನು ಕಟ್ಟಿ, ಮರುದಿನ ಅದಕ್ಕೆ ಕನ್ನಡದಲ್ಲಿ ಅರ್ಥ ಬರೆಯಬೇಕಾಗುತ್ತಿತ್ತು.

ಸಿಂಧನೂರಿನ ನ್ಯಾಯಾಲಯಕ್ಕೆ ಕನ್ನಡದವರೂ ಉರ್ದುವಿನವರೂ ಕ್ಯಾಂಪುಗಳ ತೆಲುಗರೂ ಪುನರ್ವಸತಿಯ ಬಂಗಾಳಿಗಳೂ ಬರುತ್ತಾರೆ. ಇವರೆಲ್ಲರಿಗೂ ತಿಳಿಯುವ ಕನ್ನಡ ಸಮಾಸದ ಕನ್ನಡವಾಗಿರಲಾರದು. ‘ಸಾರ್ವಜನಿಕ ಹೊಣೆ ಹೊತ್ತವರು’, ‘ಸಾರ್ವಜನಿಕ ವಿಷಯಕ್ಕೆ ಇಳಿದವರು’, ‘ವಿಚಾರಿಸಿ ನೋಡಿ ಆಡಿದ ಮಾತು’—ಇಷ್ಟು ಬರೆದರೆ ಪ್ರಾರಂಭಕ್ಕೆ ಸಾಕು. ಇನ್ನು ಈ ಮೂರು ತಾಲ್ಲೂಕುಗಳ ಕಾಲೇಜುಗಳಲ್ಲಿ ಕನ್ನಡ ಕಲಿಸುವವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ, ಉರ್ದು ಬಲ್ಲ ಹಿರಿಯರನ್ನೂ ಹಳೆಯ ವಕೀಲರನ್ನೂ ಕಂಡು, 1951ಕ್ಕೆ ಹಿಂದಿನ ಕಚೇರಿ ಪದಗಳನ್ನು ಅರ್ಥಸಹಿತ ಬರೆದಿಟ್ಟುಕೊಳ್ಳಬೇಕು. ಇದನ್ನು ಬೆಂಗಳೂರಿನಲ್ಲಿ ಕುಳಿತು ಮಾಡುವಂತಿಲ್ಲ. ಹೆಚ್ಚು ಕಾಲ ಮುಂದೂಡುವಂತೆಯೂ ಇಲ್ಲ, ಆ ಲಿಪಿಯನ್ನು ಓದಬಲ್ಲವರ ವಯಸ್ಸನ್ನು ನೋಡಿದರೆ.