ಕೆಸರು ಮೆತ್ತಿದ ಬಾಟಲಿಗಳ ಕಣಿವೆ

ಜರ್ಮನಿ ಅಂದ್ರೆ ಬಿಯರ್, ಹೆಚ್ಚೆಂದ್ರೆ ರೀಸ್ಲಿಂಗ್ ಅನ್ನೋ ಬಿಳಿ ವೈನ್ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಆದ್ರೆ ಬಾನ್ ನಗರದಿಂದ ಸ್ವಲ್ಪ ದಕ್ಷಿಣಕ್ಕೆ, ರೈನ್ ನದಿಗೆ ಸೇರೋ ಆರ್ ಅನ್ನೋ ಪುಟ್ಟ ನದಿಯ ಕಣಿವೆಯಲ್ಲಿ ಬೆಳೆಯೋದು ಬಹುಪಾಲು ಕೆಂಪು ವೈನಿನ ದ್ರಾಕ್ಷಿ. ಇಡೀ ಪ್ರದೇಶ ಸುಮಾರು 560 ಹೆಕ್ಟೇರ್, ಅಷ್ಟೇ.

ಮುಖ್ಯ ತಳಿ ಪಿನೋ ನುವಾರ್. ಅಲ್ಲಿಯವರು ಅದನ್ನು ಷ್ಪೇಟ್‌ಬುರ್ಗುಂಡರ್ ಅಂತಾರೆ. ವಿಜಯಪುರದ ದ್ರಾಕ್ಷಿ ತೋಟ ನೋಡಿದವರಿಗೆ ಬಿಸಿಲು ಒಂದು ಸಮಸ್ಯೆಯೇ ಅಲ್ಲ. ಇಲ್ಲಿ ಅದೇ ದೊಡ್ಡ ಚಿಂತೆ! 50 ಡಿಗ್ರಿ ಅಕ್ಷಾಂಶಕ್ಕಿಂತ ಮೇಲೆ ಕೆಂಪು ದ್ರಾಕ್ಷಿ ಹಣ್ಣಾಗಬೇಕಲ್ಲ? ಅದಕ್ಕೇ ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರುಗಳಲ್ಲಿ ಬಳ್ಳಿ ನೆಟ್ಟಿದ್ದಾರೆ. ನೆಲದ ತುಂಬ ಕಪ್ಪು ಸ್ಲೇಟ್ ಕಲ್ಲು. ಹಗಲು ಬಿಸಿ ಹೀರಿಕೊಂಡು ರಾತ್ರಿ ಬಿಟ್ಟುಕೊಡುತ್ತೆ. ಹಣ್ಣು ನಿಧಾನಕ್ಕೆ ಮಾಗೋದ್ರಿಂದ ಹುಳಿ ಉಳಿಯುತ್ತೆ, ಬಣ್ಣ ತೆಳು, ಪರಿಮಳ ಹೆಚ್ಚು. ಯಂತ್ರ ಹತ್ತದ ಜಾಗ, ಕೊಯ್ಲೆಲ್ಲ ಕೈಯಲ್ಲೇ. ಒಬ್ಬೊಬ್ಬರಿಗೇ ಇದು ಗಿಟ್ಟದ ಕಸುಬು ಅಂತ ಮೈಶೋಸ್ ಊರಿನ ರೈತರು 1868ರಲ್ಲೇ ಸಹಕಾರ ಸಂಘ ಕಟ್ಟಿಕೊಂಡಿದ್ದರು.

2021ರ ಜುಲೈ 14ರ ರಾತ್ರಿ ಈ ಪುಟ್ಟ ನದಿ ಉಕ್ಕಿತು. ಆಲ್ಟೆನಾರ್‌ನಲ್ಲಿ ನೀರಿನ ಮಟ್ಟ ಅಳೆಯೋ ಸಾಧನ 5.75 ಮೀಟರ್ ತೋರಿಸಿ ನಿಂತೇಹೋಯ್ತು. ನೀರು ಮಾತ್ರ ಏರುತ್ತಲೇ ಇತ್ತು. ಸರ್ವರ್ ಅಲರ್ಟ್ ನೋಡಿಕೊಂಡು ನಿದ್ದೆಗೆಡೋ ನನಗೆ ಈ ವಿವರ ಓದಿದಾಗ ಹೊಟ್ಟೆಯಲ್ಲಿ ಏನೋ ಆಯ್ತು. ಅತ್ಯಂತ ಬೇಕಾದ ಗಳಿಗೆಯಲ್ಲೇ ಮಾನಿಟರಿಂಗ್ ಇಲ್ಲ! ಕಣಿವೆಯಲ್ಲಿ 130ಕ್ಕೂ ಹೆಚ್ಚು ಜನ ತೀರಿಕೊಂಡರು.

ಬಳ್ಳಿಗಳು ಹೆಚ್ಚಾಗಿ ಗುಡ್ಡದ ಮೇಲಿದ್ದವು, ಉಳಿದುಕೊಂಡವು. ನೆಲಮಾಳಿಗೆಗಳು ಇದ್ದದ್ದು ಕೆಳಗೆ, ನದಿ ದಂಡೆಯ ಊರುಗಳಲ್ಲಿ. ಪೀಪಾಯಿ, ಪಂಪು, ಒತ್ತುಯಂತ್ರ, ಹಿಂದಿನ ವರ್ಷದ ವೈನು ಎಲ್ಲ ಕೊಚ್ಚಿಹೋಯ್ತು ಅಥವಾ ಕೆಸರಲ್ಲಿ ಹೂತುಹೋಯ್ತು. ಕೊಯ್ಲಿಗೆ ಇನ್ನೆರಡೇ ತಿಂಗಳು.

ಆಗ ಅವರು ಮಾಡಿದ್ದು ನನಗೆ ತುಂಬ ಇಷ್ಟ. ಕೆಸರಲ್ಲಿ ಸಿಕ್ಕ ಬಾಟಲಿಗಳನ್ನ ತೊಳೆಯದೆ, ಹಾಗೇ, 'ಫ್ಲೂಟ್‌ವೈನ್' ಅಂದ್ರೆ ಪ್ರವಾಹದ ವೈನ್ ಅಂತ ಹೆಸರಿಟ್ಟು ಆನ್‌ಲೈನ್‌ನಲ್ಲಿ ಮಾರಿದರು. ಲೇಬಲ್ಲೇ ಕಾಣದ ಬಾಟಲಿಗೆ ಜನ ಮುಗಿಬಿದ್ದರು, 40 ಲಕ್ಷ ಯೂರೋಗೂ ಹೆಚ್ಚು ಹಣ ಬಂತು. ಬರೀ ಮರುಕ ಅಂತೀರಾ? ಇರಬಹುದು. ಆದ್ರೆ ಕೈಚಾಚದೆ, ತಮ್ಮ ಸರಕನ್ನೇ ಮುಂದಿಟ್ಟರಲ್ಲ! ಬೇರೆ ಪ್ರದೇಶಗಳ ವೈನ್ ಬೆಳೆಗಾರರು ಯಂತ್ರ, ಪೀಪಾಯಿ ಹೊತ್ತು ಬಂದರು. ಆ ಶರತ್ಕಾಲದಲ್ಲೂ ಕೊಯ್ಲು ನಡೆಯಿತು.

ಕುಡಿಯೋದು ಬಿಡೋದು ನಿಮ್ಮಿಷ್ಟ. ಕುಡಿಯೋರಾದ್ರೆ, ಯುರೋಪಲ್ಲಿರೋ ಗೆಳೆಯರು ಊರಿಗೆ ಬರುವಾಗ ಲೇಬಲ್ ಮೇಲೆ 'ಆರ್', 'ಷ್ಪೇಟ್‌ಬುರ್ಗುಂಡರ್' ಎರಡೂ ಇದೆಯಾ ಅಂತ ನೋಡೋಕೆ ಹೇಳಿ. ಕೊಡೋ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ನಮ್ಮ ಸೆಖೆಗೆ ಈ ತೆಳು ವೈನು ಬೇಗ ಸಪ್ಪೆಯಾಗುತ್ತೆ. ಇನ್ನು 2021 ಅಂತ ಬರೆದಿರೋ ಬಾಟಲಿ ಸಿಕ್ಕಿದ್ರೆ, ಅದು ಆ ಶರತ್ಕಾಲದ್ದು.