ಬಲಗಡೆಯ ಖಾಲಿ ದಾರಿ ಯಾರದು?

ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ಲಯನ್ಸ್ ಗೇಟ್ ಎಂಬ ಸೇತುವೆಯಿದೆ. ಅದರ ಮೇಲಿರುವುದು ಮೂರೇ ಪಥ. ನಡುವಣ ಪಥವು ವಾಹನಗಳ ದಟ್ಟಣೆಗನುಸಾರವಾಗಿ ಒಮ್ಮೆ ನಗರಕ್ಕೆ ಬರುವವರಿಗೆ, ಇನ್ನೊಮ್ಮೆ ನಗರದಿಂದ ಹೊರಡುವವರಿಗೆ ಸಲ್ಲುತ್ತದೆ. ಮೇಲೆ ಹಸಿರು ಬಾಣ ಬೆಳಗಿದರೆ ಆ ಪಥದಲ್ಲಿ ಸಾಗಬಹುದು. ಗುಣಾಕಾರ ಚಿಹ್ನೆಯಂತಹ ಕೆಂಪು ಗುರುತು ಕಂಡರೆ, ಪಥ ಎಷ್ಟೇ ಖಾಲಿಯಿರಲಿ, ಅದು ಎದುರಿನಿಂದ ಬರುವವರದು.

ಇದಕ್ಕೂ ನಮ್ಮ ಮಲೆನಾಡಿಗೂ ಏನು ಸಂಬಂಧವೆಂದು ಓದುಗ ಮಿತ್ರರು ಕೇಳಬಹುದು. ಮುಳ್ಳಯ್ಯನಗಿರಿಯ ದಾರಿಯಲ್ಲಿ, ಚಾರ್ಮಾಡಿ ಘಾಟಿಯ ಇಕ್ಕಟ್ಟಿನ ತಿರುವುಗಳಲ್ಲಿ, ಕಳಸದ ಕಡೆಯ ತೋಟಗಳ ನಡುವಣ ರಸ್ತೆಗಳಲ್ಲಿ ಎರಡು ದೊಡ್ಡ ವಾಹನಗಳು ಒಟ್ಟಿಗೆ ಹಾಯಲಾರದ ಸ್ಥಳಗಳು ಹಲವಿವೆ. ಅಲ್ಲಿರುವ ಒಂದೇ ಪಥವು ಗಳಿಗೆಗೊಮ್ಮೆ ದಿಕ್ಕು ಬದಲಿಸುತ್ತದೆ. ಈ ಗಳಿಗೆಯಲ್ಲಿ ಅದು ಯಾರದೆಂಬುದನ್ನು ಅಲ್ಲಿ ಹೇಳಬೇಕಾದುದು ದೀಪವಲ್ಲ, ಚಾಲಕನ ವಿವೇಕ.

ವಿವೇಕಕ್ಕೆ ಆಧಾರವಾಗಿ ನಿಯಮವೂ ಉಂಟು. ಇಕ್ಕಟ್ಟಾದ ಗುಡ್ಡದ ರಸ್ತೆಯಲ್ಲಿ ಇಳಿಯುವವನು ಬದಿಗೆ ನಿಂತು ಏರುವವನಿಗೆ ದಾರಿ ಬಿಡಬೇಕೆಂದು 1989ರ ರಸ್ತೆ ನಿಯಮಾವಳಿಯೇ ವಿಧಿಸಿತ್ತು. ಕಾರಣ ಸರಳ. ಕಾಫಿ ಮೂಟೆ ಹೇರಿಕೊಂಡು ಏರುತ್ತಿರುವ ಲಾರಿ ನಡುವೆ ನಿಂತರೆ, ಮತ್ತೆ ಹೊರಡುವಾಗ ಗುರುತ್ವಾಕರ್ಷಣೆಯ ವಿರುದ್ಧ ಸೆಣಸಬೇಕು. ಹಿಂದಕ್ಕೆ ಜಾರುವ ಅಪಾಯವೂ ಇದೆ. ಇಳಿಯುವವನಿಗೆ ಪುನಃ ಹೊರಡುವುದು ಅಷ್ಟು ಕಷ್ಟವಲ್ಲ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಮುಂದೆ ವಾಹನಗಳು ಸಾಲಾಗಿ ನಿಂತಿರುತ್ತವೆ, ಬಲಗಡೆ ಬರಿದಾಗಿರುತ್ತದೆ. ಹಿಂದಿನಿಂದ ಬಂದ ಒಬ್ಬನು ಅದರೊಳಗೆ ನುಗ್ಗುತ್ತಾನೆ. ಅವನ ಬೆನ್ನಿಗೆ ಹತ್ತು ಜನ. ಎದುರಿನವರು ಬರಲು ದಾರಿಯಿಲ್ಲ; ಅವರು ಬಾರದೆ ಇವರಿಗೂ ಮುಂದೆ ಸಾಗಲು ದಾರಿಯಿಲ್ಲ. ವಾರಾಂತ್ಯಗಳಲ್ಲಿ ಗಿರಿಯ ರಸ್ತೆ ಗಂಟೆಗಟ್ಟಲೆ ಕಟ್ಟಿಕೊಳ್ಳುವುದಕ್ಕೆ ಇಂತಹ ಆತುರವೂ ಒಂದು ಕಾರಣ. ಆ ಬರಿದಾದ ಜಾಗ ಯಾರೂ ಬಳಸದೆ ಬಿಟ್ಟದ್ದಲ್ಲ, ಎದುರಿನವರಿಗಾಗಿ ಕಾದಿಟ್ಟದ್ದು.

ಹಿಂದೆ ಒಂಟಿ ಹಳಿಯ ರೈಲುದಾರಿಯಲ್ಲಿ ಚಾಲಕನ ಕೈಗೆ ಟೋಕನ್ ಬಾರದೆ ಗಾಡಿ ನಿಲ್ದಾಣ ಬಿಡುತ್ತಿರಲಿಲ್ಲ. ಒಂದು ಹಳಿಯನ್ನು ಎರಡು ದಿಕ್ಕಿನವರು ನಂಬಿಕೆಯಿಂದ ಹಂಚಿಕೊಳ್ಳುವ ಬಗೆ ಅದು. ಜನಸಂದಣಿಯ ದಿನಗಳಲ್ಲಿ ಇಕ್ಕಟ್ಟಿನ ಎರಡೂ ತುದಿಗಳಲ್ಲಿ ವಾಕಿಟಾಕಿ ಹಿಡಿದ ಇಬ್ಬರು ಸಿಬ್ಬಂದಿ ನಿಂತು, ಸರದಿಯಂತೆ ವಾಹನಗಳನ್ನು ಬಿಟ್ಟರೆ ನಮಗೂ ಅದೇ ಸಾಕು. ಹೊಸ ತಂತ್ರಜ್ಞಾನವೇನೂ ಬೇಕಿಲ್ಲ.

ಮೂಡಿಗೆರೆ ಸೀಮೆಯ ಎಷ್ಟೋ ರೋಗಿಗಳು ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವುದು ಚಾರ್ಮಾಡಿಯ ಮೂಲಕವೇ. 2019ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ಆ ದಾರಿ ಮುಚ್ಚಿದಾಗ ಅದರ ಬೆಲೆ ನಮಗೆ ತಿಳಿಯಿತು. ಪ್ರಕೃತಿ ಮುಚ್ಚಿದ ದಾರಿಯನ್ನು ಯಂತ್ರ ತಂದು ತೆರೆಯಬಹುದು. ನಮ್ಮ ಆತುರ ಮುಚ್ಚಿದ ದಾರಿಯಲ್ಲಿ ಸಿಲುಕಿದ ಆಂಬುಲೆನ್ಸಿಗೆ ಉತ್ತರ ಹೇಳುವವರು ಯಾರು? ಬಯಲಿನಲ್ಲಿ ಎಂಟು ಬರೆದು ಲೈಸೆನ್ಸ್ ಪಡೆದವರು ಘಟ್ಟ ಹತ್ತುವ ಮುನ್ನ ಕಾಯುವುದನ್ನೂ ಕಲಿಯಲಿ. ಚಾಲನೆಯಲ್ಲಿ ಅದೂ ಒಂದು ಪಾಠ.