ಬೋರ್ ನೂರಾರು ಅಡಿ, ಬೇರು ಎರಡೇ ಅಡಿ

ನಮ್ಮಲ್ಲಿ ಹೆಚ್ಚಿನವರು ಕ್ಸೈಲಮ್, ಫ್ಲೋಯಮ್ ಅಂತ ಇಂಗ್ಲಿಷ್‌ನಲ್ಲೇ ಬಾಯಿಪಾಠ ಮಾಡಿ, ಮಾರ್ಕ್ಸ್ ತಗೊಂಡು, ಮರೆತವರು. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಬಂದಿರೋ ನಮಗೆ ಆ ಪಾಠ ಈಗ ಮತ್ತೆ ಬೇಕಾಗಿದೆ. ಯಾಕಂದ್ರೆ ಊರಿಗೆ ಹೋದಾಗಲೆಲ್ಲ ಕೇಳೋದು ಎರಡೇ ಮಾತು: ಅಡಿಕೆ ಹಾಕಿದ್ವಿ, ಬೋರ್ ಬತ್ತಿತು.

ಗಿಡ ಹೇಗೆ ಕೆಲಸ ಮಾಡುತ್ತೆ? ಬೇರು ಮಣ್ಣಿನಿಂದ ನೀರು, ಲವಣ ಹೀರುತ್ತೆ. ಕಾಂಡದೊಳಗಿನ ಸಣ್ಣ ಕೊಳವೆಗಳು ಅದನ್ನು ಮೇಲಕ್ಕೆ ಒಯ್ಯುತ್ತವೆ. ಮೋಟಾರೇ ಇಲ್ಲ! ಎಲೆಯ ರಂಧ್ರಗಳಿಂದ ನೀರು ಆವಿಯಾಗಿ ಹೋದಂತೆಲ್ಲ ಅದರ ಹಿಂದೆ ಕೆಳಗಿನ ನೀರು ಎಳೆದುಕೊಂಡು ಬರುತ್ತೆ. ನೀರು ಸಾಲದಾದಾಗ ಗಿಡ ಆ ರಂಧ್ರಗಳನ್ನು ಮುಚ್ಚಿಕೊಳ್ಳುತ್ತೆ. ಆಗ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಬರೋದೂ ಕಮ್ಮಿಯಾಗಿ, ಎಲೆ ಆಹಾರ ತಯಾರಿಸೋದು ಕುಂಠಿತವಾಗುತ್ತೆ. ಅಂದ್ರೆ ಒಣಗ್ತಿರೋ ಗಿಡ ಬಾಯಾರಿರುತ್ತೆ, ಹಸಿದೂ ಇರುತ್ತೆ.

ಈಗ ಅಡಿಕೆ ನೋಡಿ. ಅದಕ್ಕೆ ತಾಯಿಬೇರಿಲ್ಲ. ಬುಡದ ಸುತ್ತ ಹರಡೋ ತಂತುಬೇರುಗಳಲ್ಲಿ ಹೆಚ್ಚಿನವು ಮೇಲಿನ 2 ಅಡಿ ಮಣ್ಣಲ್ಲೇ ಇರುತ್ತವೆ. ತೊಗರಿ, ಹುಣಸೆ ತಾಯಿಬೇರು ಇಳಿಸಿ ಆಳದ ತೇವ ಹುಡುಕಬಲ್ಲವು, ಅಡಿಕೆಗೆ ಅದಾಗಲ್ಲ. ಅದರ ಬೆಳವಣಿಗೆಯೆಲ್ಲ ತುದಿಯ ಒಂದೇ ಸುಳಿಯಲ್ಲಿ. ಸುಳಿ ಸತ್ತರೆ ಮರವೇ ಸತ್ತ ಹಾಗೆ, ಪಕ್ಕದಲ್ಲಿ ಚಿಗುರಲ್ಲ. ಮರದ ಬೇರು ಮುಟ್ಟಲಾರದ ಆಳದಿಂದ ನಾವು ಸಾಲ ಮಾಡಿ ನೀರು ಎತ್ತಿ, ಮೇಲಿನ 2 ಅಡಿಗೆ ಸುರಿತಿದ್ದೀವಿ.

'ಮಾರಿಕಣಿವೆ ತುಂಬಿದೆಯಲ್ಲ, ಇನ್ನೇನು ಭಯ' ಅಂತಾರೆ. ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಅಂಥ ಒಂದು ವರ್ಷ ನಂಬಿ, ದಶಕಗಟ್ಟಲೆ ನೀರು ಕೇಳೋ ಮರ ನೆಡೋದು ಎಷ್ಟು ಸರಿ?

ಅಡಿಕೆ ಬೇಡ ಅಂತ ನಾವು ಹೇಳ್ತಿಲ್ಲ. ನಮ್ಮಲ್ಲಿ ಎಷ್ಟೋ ಜನರ ಕಾಲೇಜ್ ಫೀಸ್ ಕಟ್ಟಿದ್ದೇ ಆ ತೋಟ. ಆದರೆ ಹೊಸದಾಗಿ ಹಾಕೋ ಮುಂಚೆ ರೇಟ್ ಜೊತೆಗೆ ಬೇರನ್ನೂ ನೋಡೋಣ. ಇರೋ ತೋಟದಲ್ಲಿ ಬಿದ್ದ ಸೋಗೆಯನ್ನು ಸುಡದೆ ಬುಡಕ್ಕೆ ಮುಚ್ಚಿದರೆ ತೇವ ಉಳಿಯುತ್ತೆ. ಹನಿ ನೀರಾವರಿ ಬೇರಿಗಷ್ಟೇ ನೀರು ಕೊಡುತ್ತೆ.

ಇನ್ನು ನಾವು. ಪ್ರತಿ ವರ್ಷ ಯಾರಾದರೂ ಮಣ್ಣಿನ ತೇವ ಅಳೆಯೋ ಸೆನ್ಸರ್ ಪ್ರಾಜೆಕ್ಟ್ ಮಾಡ್ತಾರೆ, ಕುಂಡದಲ್ಲಿಟ್ಟು ಡೆಮೊ ಕೊಟ್ಟು ಮುಗಿಸ್ತಾರೆ. ಈ ಸಲ ಅದನ್ನು ಊರಿಗೆ ಒಯ್ಯೋಣ. ಬೇರಿರೋ ಆಳದಲ್ಲಿ ಹೂತು, ಅಪ್ಪನ ಜೊತೆ ನಿಂತು ನೋಡೋಣ: ಮೋಟಾರ್ ಇವತ್ತು ನಿಜವಾಗ್ಲೂ ಹಾಕಬೇಕಾ?